ಯುಗಾದಿಗೆ ಏನು ನೆಡಲಿ, ತುಂಗೆಗೆ ಏನು ಮಾಡಲಿ?

ಪ್ರಶ್ನೆ: ಮೈಸೂರಿನ ಹೊಸ ಬಡಾವಣೆಯೊಂದರಲ್ಲಿ ನಮ್ಮ ಮನೆಯಿದೆ. ಹಿತ್ತಿಲಿನಲ್ಲಿ 15 ಅಡಿ ಅಗಲ, 30 ಅಡಿ ಉದ್ದದ ಜಾಗ. ಕಳೆದ ಯುಗಾದಿಯ ಹೊತ್ತಿಗೆ ಒಂದು ಲೋಡ್ ಕೆಂಪು ಮಣ್ಣು, ಕೆಲವು ಚೀಲ ಕೊಟ್ಟಿಗೆ ಗೊಬ್ಬರ ತರಿಸಿ ಟೊಮ್ಯಾಟೊ, ಬೆಂಡೆ, ಕ್ಯಾರೆಟ್, ಕೊತ್ತಂಬರಿ ಎಲ್ಲವನ್ನೂ ಒಟ್ಟಿಗೇ ಹಾಕಿದೆ. ಮೇ ತಿಂಗಳ ಮಳೆ ಬಿದ್ದ ಮೇಲೆ ತರಕಾರಿ ಗಿಡಗಳು ಕಾಣದಷ್ಟು ಕಳೆ ಬಂತು. ಕಾಂಪೌಂಡ್ ಗೋಡೆಯ ಪಕ್ಕ ತುಂಗೆ, ಕಾಲುದಾರಿಯ ಅಂಚಿನಲ್ಲಿ ಗರಿಕೆ, ಉಳಿದೆಡೆ ಕಾಂಗ್ರೆಸ್ ಗಿಡ ಮತ್ತು ಹೆಸರು ಗೊತ್ತಿಲ್ಲದ ಹತ್ತಾರು ಸಸಿಗಳು. ಕಿತ್ತಷ್ಟೂ ತುಂಗೆ ಹೆಚ್ಚಾಯಿತು. ಅಂಗಡಿಯಲ್ಲಿ ಕಳೆನಾಶಕ ಕೊಟ್ಟಿದ್ದಾರೆ, ಇನ್ನೂ ಹೊಡೆದಿಲ್ಲ. ಉಪ್ಪು, ವಿನೆಗರ್ ಕಲಸಿ ಸಿಂಪಡಿಸಿ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಈ ಯುಗಾದಿಗೆ ಏನು ನೆಡಬೇಕು? ಕಳೆಗೆ ಏನು ಮಾಡಬೇಕು?

ಉತ್ತರ: ಆ ಕಳೆನಾಶಕದ ಬಾಟಲಿಯ ಮುಚ್ಚಳ ತೆಗೆಯದಿದ್ದುದು ಒಳ್ಳೆಯದಾಯಿತು. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ನೀವು ಮೊದಲು ನೆಡುವುದನ್ನು ಕೇಳಿದ್ದೀರಿ, ಆಮೇಲೆ ಕಳೆಯನ್ನು ಕೇಳಿದ್ದೀರಿ. ನನ್ನ ಸಲಹೆ ಈ ಕ್ರಮವನ್ನು ತಿರುಗಿಸಿ ಎಂಬುದು. ನಮ್ಮ ಕಡೆ ಯುಗಾದಿಯಿಂದ ಮೇ ಮೊದಲ ವಾರದವರೆಗಿನ ಒಣ ದಿನಗಳು ನೆಡುವುದಕ್ಕಿಂತ ಕಳೆ ಅಡಗಿಸುವುದಕ್ಕೆ ಹೆಚ್ಚು ಪ್ರಶಸ್ತ. ವರ್ಷದಲ್ಲಿ ಕಳೆ ತೀರಾ ದುರ್ಬಲವಾಗಿರುವ ಕಾಲ ಇದೊಂದೇ. ನೆಲ ಒಣಗಿದೆ, ಬಿಸಿಲು ಸುಡುತ್ತಿದೆ, ನೀವು ನೀರು ಕೊಟ್ಟ ಕಡೆ ಮಾತ್ರ ಏನಾದರೂ ಮೊಳೆಯುತ್ತದೆ. ಮೈಸೂರಿನಲ್ಲಿ ಮುಂಗಾರಿಗೆ ಜೂನ್‌ವರೆಗೆ ಕಾಯಬೇಕಿಲ್ಲ, ಮೇ ತಿಂಗಳಲ್ಲೇ ಗುಡುಗು ಸಹಿತ ಒಳ್ಳೆಯ ಮಳೆಯಾಗುತ್ತದೆ. ಆ ಮಳೆಗೆ ಮುಂಚೆ ಕೆಲಸ ಮುಗಿಸಿದವರಿಗೆ ಆಷಾಢದಲ್ಲಿ ನೆಮ್ಮದಿ. ಮುಗಿಸದವರು ದೀಪಾವಳಿಯವರೆಗೂ ಕಳೆ ಕೀಳುತ್ತಲೇ ಇರಬೇಕಾಗುತ್ತದೆ.

ಹಾಗಾಗಿ ನಿಮ್ಮ 450 ಚದರ ಅಡಿಯಲ್ಲಿ ಮೂರನೆಯ ಒಂದು ಭಾಗದಲ್ಲಿ ಮಾತ್ರ ಈಗ ನೆಡಿ. ತುಂಗೆ ಕಾಣಿಸದ, ನೀರಿಗೆ ಹತ್ತಿರವಿರುವ ಭಾಗವನ್ನು ಅದಕ್ಕೆ ಆರಿಸಿಕೊಳ್ಳಿ. ಉಳಿದುದರಲ್ಲಿ ಗೋಡೆಯ ಪಕ್ಕದ ತುಂಗೆಯ ಪಟ್ಟಿಗೆ ಒಂದು ಚಿಕಿತ್ಸೆ, ಮಿಕ್ಕ ಜಾಗಕ್ಕೆ ಇನ್ನೊಂದು. ಎಲ್ಲ ಕಳೆಗೂ ಒಂದೇ ಮದ್ದು ಎಂದು ಹೊರಟರೆ ನಿರಾಸೆ ಖಂಡಿತ, ಏಕೆಂದರೆ ಕಾಂಗ್ರೆಸ್ ಗಿಡ ಬದುಕುವುದು ಬೀಜದಿಂದ, ತುಂಗೆ ಬದುಕುವುದು ಗಡ್ಡೆಯಿಂದ, ಗರಿಕೆ ಬದುಕುವುದು ತನ್ನ ಹಬ್ಬುಕಾಂಡದ ಗಿಣ್ಣುಗಳಿಂದ.

ಇವೆಲ್ಲ ನಿಮ್ಮ ಹಿತ್ತಿಲಿಗೆ ಎಲ್ಲಿಂದ ಬಂದವು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಈ ವರ್ಷವೂ ಬರುತ್ತವೆ. ತುಂಗೆ ಬಹುಮಟ್ಟಿಗೆ ಆ ಕೆಂಪು ಮಣ್ಣಿನ ಜೊತೆಯಲ್ಲೇ ಬಂದಿದೆ. ಅದು ಬೀಜದಿಂದ ಹಬ್ಬುವುದು ಅಪರೂಪ, ಹೊಸ ಜಾಗಕ್ಕೆ ಹೋಗುವುದು ಮಣ್ಣಿನಲ್ಲಿ ಅವಿತ ಗಡ್ಡೆಯಾಗಿ. ಲೋಡ್ ಸುರಿದದ್ದು ಗೋಡೆಯ ಪಕ್ಕದಲ್ಲೇ ಆಗಿದ್ದರೆ ಅನುಮಾನವೇ ಬೇಡ. ಬೀಜದ ಕಳೆಗಳಲ್ಲಿ ಬಹಳಷ್ಟು ಅರೆಕೊಳೆತ ಗೊಬ್ಬರದಲ್ಲಿ ಬಂದಿರುತ್ತವೆ. ದನ ತಿಂದ ಹುಲ್ಲಿನ ಬೀಜಗಳಲ್ಲಿ ಅನೇಕವು ಹೊಟ್ಟೆಯನ್ನು ದಾಟಿಯೂ ಜೀವಂತವಾಗಿ ಸಗಣಿಗೆ ಬರುತ್ತವೆ. ತಿಪ್ಪೆ ಒಳಗೊಳಗೇ 55–60 ಡಿಗ್ರಿ ಕಾದು, ಮಗುಚಿಸಿಕೊಂಡು, ಪೂರ್ತಿ ಕಳಿತರೆ ಮಾತ್ರ ಅವು ಸಾಯುತ್ತವೆ. ಇನ್ನು ಮುಂದೆ ಮಣ್ಣಾಗಲಿ ಗೊಬ್ಬರವಾಗಲಿ ತರಿಸುವ ಮೊದಲು ಒಂದು ಬೊಗಸೆ ತಂದು ಕುಂಡಕ್ಕೆ ತುಂಬಿ, ಎರಡು ವಾರ ನೀರು ಹಾಕಿ ಬಿಸಿಲಿನಲ್ಲಿಡಿ. ಏನು ಮೊಳೆಯುತ್ತದೋ ಅದೇ ನಿಮ್ಮ ತೋಟದಲ್ಲೂ ಮೊಳೆಯುತ್ತದೆ. ಲೋಡ್‌ಗಟ್ಟಲೆ ಹಣ ಕೊಡುವವರಿಗೆ ಈ ಪರೀಕ್ಷೆಯನ್ನು ಕೇಳುವ ಹಕ್ಕಿದೆ. ನರ್ಸರಿಯಿಂದ ತಂದ ಗಿಡದ ಚೀಲದ ಮಣ್ಣನ್ನೂ ಹೀಗೆಯೇ ನೋಡಿ, ಸಣ್ಣ ಎಲೆಯ ಹುಳಿಸೊಪ್ಪಿನ ಗಿಡ ಮನೆಮನೆಗೆ ಹಬ್ಬುವುದು ಆ ದಾರಿಯಲ್ಲೇ.

ಈಗ ತುಂಗೆ. ಕೆಲವು ಕಡೆ ಜೇಕು ಎನ್ನುತ್ತಾರೆ, ಕೆಲವು ಕಡೆ ಕೊನ್ನಾರಿ ಗಡ್ಡೆ. ಜಗತ್ತಿನ ಅತಿ ಕೆಟ್ಟ ಕಳೆಗಳ ಪಟ್ಟಿಯಲ್ಲಿ ವಿಜ್ಞಾನಿಗಳು ಇದಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ಕಿತ್ತಷ್ಟೂ ಹೆಚ್ಚಾಯಿತು ಎಂಬ ನಿಮ್ಮ ಮಾತು ಅಕ್ಷರಶಃ ನಿಜ. ಒಂದು ಕಡೆ ಫೋರ್ಕ್ ಚುಚ್ಚಿ ಮಣ್ಣಿನ ಹೆಂಟೆಯನ್ನು ನಿಧಾನವಾಗಿ ಎತ್ತಿ, ಕೈಯಿಂದ ಪುಡಿ ಮಾಡಿ ನೋಡಿ. ಕಡಲೆಕಾಳಿನಿಂದ ಕಡಲೆಕಾಯಿಯ ಗಾತ್ರದವರೆಗಿನ ಕಪ್ಪು ಗಡ್ಡೆಗಳು ತಂತಿಯಷ್ಟು ಗಟ್ಟಿಯಾದ ಬೇರಿನಂಥ ಎಳೆಗಳಿಗೆ ಪೋಣಿಸಿದ ಮಣಿಗಳಂತೆ ಒಂದರ ಹಿಂದೆ ಒಂದು ಬರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಬಿಳುಪು, ಮೂಗಿಗೆ ಕರ್ಪೂರ ಬೆರೆತಂಥ ಘಮ. ಆಯುರ್ವೇದದವರು ಭದ್ರಮುಷ್ಟಿ ಎಂದು ಬಳಸುವುದು ಇದನ್ನೇ. ಈ ಸರದಲ್ಲಿ ಮೇಲಿನ ಗಡ್ಡೆ ಚಿಗುರಿರುವವರೆಗೆ ಕೆಳಗಿನ ಹಲವು ಗಡ್ಡೆಗಳು ಮಲಗಿರುತ್ತವೆ. ನೀವು ಎಲೆಯನ್ನು ಹಿಡಿದೆಳೆದಾಗ ಎಳೆ ತುಂಡಾಗುತ್ತದೆ, ಸರ ಮುರಿಯುತ್ತದೆ, ಮಲಗಿದ್ದ ಗಡ್ಡೆಗಳೆಲ್ಲ ಬೇರೆ ಬೇರೆಯಾಗಿ ಎದ್ದು ಕೂರುತ್ತವೆ. ಗುದ್ದಲಿಯಿಂದ ಕೊಚ್ಚಿದರೂ ಟಿಲ್ಲರ್ ಹೊಡೆಸಿದರೂ ಆಗುವುದು ಇದೇ, ಇನ್ನೂ ವಿಸ್ತಾರವಾಗಿ.

ತುಂಗೆಗೆ ಎರಡು ದೌರ್ಬಲ್ಯಗಳಿವೆ. ಗಡ್ಡೆ ಪೂರ್ತಿ ಒಣಗಿದರೆ ಸಾಯುತ್ತದೆ. ಗಿಡ ನೆರಳಿನಲ್ಲಿ ಸೊರಗುತ್ತದೆ. ಮೊದಲನೆಯದನ್ನು ಈಗ ಬಳಸಿಕೊಳ್ಳಿ, ಎರಡನೆಯದನ್ನು ಜೂನ್‌ನಲ್ಲಿ.

ನಿಮ್ಮ ಕೆಂಪು ಮಣ್ಣು ಒಣಗಿದಾಗ ಇಟ್ಟಿಗೆಯಷ್ಟು ಗಟ್ಟಿ. ಅದಕ್ಕೇ ತುಂಗೆಯ ಪಟ್ಟಿಗೆ ಒಮ್ಮೆ ಚೆನ್ನಾಗಿ ನೀರು ಹಾಯಿಸಿ, ಎರಡು ಮೂರು ದಿನ ಬಿಟ್ಟು ಮಣ್ಣು ಹದಕ್ಕೆ ಬಂದಾಗ ಒಂದು ಅಡಿ ಆಳದವರೆಗೆ ಫೋರ್ಕ್‌ನಿಂದ ಎತ್ತಿ. ಗಡ್ಡೆಗಳಲ್ಲಿ ಹೆಚ್ಚಿನವು ಮೇಲಿನ ಅರ್ಧ ಅಡಿಯಲ್ಲೇ ಇರುತ್ತವೆ. ಮನೆ ಕಟ್ಟಿದಾಗ ಮರಳು ಸೋಸಿದ ಜರಡಿ ಎಲ್ಲಾದರೂ ಬಿದ್ದಿದ್ದರೆ ಅದನ್ನು ಓರೆಯಾಗಿ ನಿಲ್ಲಿಸಿ ಮಣ್ಣನ್ನು ಅದರ ಮೇಲೆ ಎಸೆಯಿರಿ. ಗಡ್ಡೆಗಳು ಈಚೆ ಉಳಿಯುತ್ತವೆ. ಬೇಸರದ ಕೆಲಸ, ಸೊಂಟ ಹಿಡಿಯುವ ಕೆಲಸ. ಆದರೆ ನಿಮ್ಮ ಪಟ್ಟಿ ಚಿಕ್ಕದು, ಬೆಳಗಿನ ತಂಪಿನಲ್ಲಿ ದಿನಕ್ಕೆ ಒಂದಿಷ್ಟು ಮಾಡಿದರೆ ಒಂದು ವಾರದಲ್ಲಿ ಮುಗಿಯುತ್ತದೆ. ಆಯ್ದ ಗಡ್ಡೆಗಳನ್ನು ಗೊಬ್ಬರದ ಗುಂಡಿಗೆ ಹಾಕಲೇಬೇಡಿ, ಅಲ್ಲಿ ಅವು ಸುಖವಾಗಿ ಬೆಳೆಯುತ್ತವೆ. ತಾರಸಿಯ ಸಿಮೆಂಟಿನ ಮೇಲೆ ತೆಳುವಾಗಿ ಹರಡಿ ಎರಡು ವಾರ ಬಿರುಬಿಸಿಲಿನಲ್ಲಿ ಒಣಗಿಸಿ. ಸೀಳಿದಾಗ ಒಳಗೆ ಬಿಳುಪಾಗಲಿ ಪಸೆಯಾಗಲಿ ಇರಬಾರದು. ಸೋಸಿದ ಮಣ್ಣನ್ನೂ ಮಟ್ಟ ಮಾಡದೆ, ನೀರು ತಾಗಿಸದೆ, ಹೆಂಟೆಹೆಂಟೆಯಾಗಿ ಹತ್ತು ಹದಿನೈದು ದಿನ ಹಾಗೇ ಬಿಸಿಲಿಗೆ ಬಿಡಿ. ಕೈತಪ್ಪಿದ ಗಡ್ಡೆಗಳು ಅಲ್ಲೇ ಒಣಗುತ್ತವೆ.

ಇಷ್ಟಾದ ಮೇಲೂ ಒಂದಷ್ಟು ಉಳಿಯುತ್ತವೆ. ಏಪ್ರಿಲ್ ನಡುವಿನ ಅಶ್ವಿನಿ ಮಳೆಯೋ ತಿಂಗಳ ಕೊನೆಯ ಭರಣಿ ಮಳೆಯೋ ಬಿದ್ದಾಗ ಅವು ತಲೆ ಎತ್ತುತ್ತವೆ. ಇಲ್ಲಿಂದ ಮುಂದಿನದೇ ನಿರ್ಣಾಯಕ. ಚಿಗುರು ಮೂಡಿದ ಮೂರರಿಂದ ಆರು ವಾರದೊಳಗೆ ಅದು ಹೊಸ ಗಡ್ಡೆ ಕಟ್ಟಲು ಶುರು ಮಾಡುತ್ತದೆ. ಅಲ್ಲಿಯವರೆಗೆ ಹಳೆಯ ಗಡ್ಡೆ ಕೂಡಿಟ್ಟ ಆಹಾರದ ಗಂಟನ್ನು ಕರಗಿಸಿಯೇ ಬೆಳೆಯುತ್ತದೆ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ತಪ್ಪದೆ ಕುರ್ಪಿ ಹಿಡಿದು, ಐದಾರು ಎಲೆಯಾಗುವ ಮೊದಲೇ ಪ್ರತಿ ಚಿಗುರನ್ನೂ ಗಡ್ಡೆ ಸಮೇತ ಎಬ್ಬಿಸಿ ತೆಗೆಯಿರಿ. ಗಡ್ಡೆ ಸಿಗದೆ ಎಲೆ ಮಾತ್ರ ಬಂದರೂ ಚಿಂತೆಯಿಲ್ಲ, ಅದರ ಗಂಟು ಅಷ್ಟು ಕರಗಿತು. ಎರಡು ತಿಂಗಳು ಕೈಬಿಟ್ಟಿರೋ, ಮಾಡಿದ್ದೆಲ್ಲ ವ್ಯರ್ಥ. ಒಂದೇ ವರ್ಷದಲ್ಲಿ ತುಂಗೆ ನಿರ್ಮೂಲವಾಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಎರಡನೆಯ ಮಳೆಗಾಲದ ಹೊತ್ತಿಗೆ ಬೆರಳೆಣಿಕೆಯ ಗಿಡಗಳಿಗೆ ಇಳಿಸಬಹುದು, ಶ್ರದ್ಧೆಯಿದ್ದರೆ.

ಗರಿಕೆಯದು ಇಷ್ಟು ಕಷ್ಟವಲ್ಲ. ಈಗಿನ ಒಣ ನೆಲದಲ್ಲಿ ಹಬ್ಬುಕಾಂಡಗಳನ್ನು ಎಳೆದು ತೆಗೆದು ಒಣಗಿಸಿ. ಕಾಲುದಾರಿ ಮತ್ತು ಮಡಿಯ ನಡುವೆ ಒಂದು ಅಡಿ ಆಳಕ್ಕೆ ಕಡಪ ಕಲ್ಲಿನ ತುಂಡುಗಳನ್ನೋ ಹಳೆಯ ಹಂಚನ್ನೋ ಸಂದಿಲ್ಲದಂತೆ ನಿಲ್ಲಿಸಿ. ದಾರಿಯ ಮೇಲೆ ಒಂದಿಷ್ಟು ಇರಲಿ ಬಿಡಿ, ಗಣೇಶನ ಹಬ್ಬಕ್ಕೆ ಬೇಕಾಗುತ್ತದೆ, ಮಣ್ಣು ಕೊಚ್ಚಿ ಹೋಗುವುದನ್ನೂ ತಡೆಯುತ್ತದೆ.

ಬೀಜದಿಂದ ಬರುವ ಕಳೆಗಳ ಜಾಗಕ್ಕೆ ಬಿಸಿಲೇ ಮದ್ದು. ಮಣ್ಣನ್ನು ಹೆಂಟೆಯಿಲ್ಲದಂತೆ ಪುಡಿ ಮಾಡಿ ಮಟ್ಟ ಮಾಡಿ, ಗೊಬ್ಬರ ಸೇರಿಸುವುದಿದ್ದರೆ ಈಗಲೇ ಸೇರಿಸಿ, ಒಂದು ಅಡಿ ಆಳದವರೆಗೆ ಇಳಿಯುವಂತೆ ನೀರು ಕೊಡಿ. ಮರುದಿನ 25ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನೆಲಕ್ಕೆ ಅಂಟಿದಂತೆ ಬಿಗಿಯಾಗಿ ಹಾಸಿ, ನಾಲ್ಕೂ ಅಂಚನ್ನು ಮಣ್ಣಿನಲ್ಲಿ ಹೂಳಿ. ಹಾಳೆ ಕಪ್ಪಗಿರಬಾರದು. ಕಪ್ಪು ಹಾಳೆ ತಾನು ಕಾಯುತ್ತದೆ, ಪಾರದರ್ಶಕ ಹಾಳೆ ಬಿಸಿಲನ್ನು ಒಳಗೆ ಬಿಟ್ಟು ಮಣ್ಣನ್ನು ಕಾಯಿಸುತ್ತದೆ. ತೇವವೂ ಅಷ್ಟೇ ಮುಖ್ಯ, ಏಕೆಂದರೆ ಒಣ ಮಣ್ಣು ಶಾಖವನ್ನು ಕೆಳಗೆ ಸಾಗಿಸುವುದಿಲ್ಲ, ನೆನೆದು ಉಬ್ಬಿದ ಬೀಜ ಒಣ ಬೀಜಕ್ಕಿಂತ ಬೇಗ ಸಾಯುತ್ತದೆ. ಮಾರ್ಚ್ ಕೊನೆಯಿಂದ ಮೇ ಮೊದಲ ವಾರದವರೆಗೆ, ನಾಲ್ಕರಿಂದ ಆರು ವಾರ ಹಾಗೇ ಇರಲಿ. ಹಾಳೆಯ ಕೆಳಗಿನ ಎರಡಂಗುಲ ಮಣ್ಣು ಮಧ್ಯಾಹ್ನ 50 ಡಿಗ್ರಿ ದಾಟಬಲ್ಲದು. ಕಾಂಗ್ರೆಸ್, ಕಿರುಕಸಾಲೆಯಂಥ ಕಳೆಗಳ ಬೀಜದ ಜೊತೆಗೆ ಸಸಿ ಕೊಳೆಸುವ ಶಿಲೀಂಧ್ರ, ಬೇರುಗಂಟಿನ ಜಂತುಹುಳು ಕೂಡ ಸಾಕಷ್ಟು ಕಡಿಮೆಯಾಗುತ್ತವೆ. ಮರದ ನೆರಳು ಬೀಳುವ ಕಡೆ ಇದನ್ನು ಮಾಡಿ ಪ್ರಯೋಜನವಿಲ್ಲ. ತುಂಗೆಯಿರುವ ಕಡೆಯೂ ಬೇಡ, ಅದರ ಮೊನಚು ಚಿಗುರು ಹಾಳೆಯನ್ನೇ ತೂತು ಮಾಡಿಕೊಂಡು ಬರುತ್ತದೆ. ನಾಚಿಕೆಮುಳ್ಳಿನಂಥ ಗಟ್ಟಿ ಸಿಪ್ಪೆಯ ಬೀಜಗಳೂ ಉಳಿದುಕೊಳ್ಳುತ್ತವೆ. ಹಾಳೆ ತೆಗೆದ ಮೇಲೆ ಮಣ್ಣನ್ನು ಆಳವಾಗಿ ಅಗೆಯಬೇಡಿ. ಕೆಳಗಿನ ಬೀಜಗಳು ಸತ್ತಿರುವುದಿಲ್ಲ, ಅಗೆದರೆ ಅವನ್ನು ನೀವೇ ಮೇಲಕ್ಕೆ ಕರೆದಂತೆ.

ಇನ್ನು ಆ ಬಾಟಲಿ. ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಗ್ಲೈಫೋಸೇಟ್. ನಮ್ಮ ದೇಶದಲ್ಲಿ ಅದಕ್ಕೆ ಅನುಮತಿಯಿರುವುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. ಮನುಷ್ಯರ ಮತ್ತು ಪ್ರಾಣಿಗಳ ಆರೋಗ್ಯದ ಕಾರಣ ನೀಡಿ, ತರಬೇತಾದ ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಯಾರೂ ಬಳಸಬಾರದು ಎಂದು ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತ್ತು. ಕೊತ್ತಂಬರಿ ಕಿತ್ತು ನೇರ ಅಡುಗೆಮನೆಗೆ ಒಯ್ಯುವ ಹಿತ್ತಿಲು ಅದರ ಜಾಗವಲ್ಲ. ಬಾಟಲಿಯ ಮೇಲೆ ಪ್ಯಾರಾಕ್ವಾಟ್ ಎಂದಿದ್ದರೆ ಮನೆಯೊಳಗೆ ಇಡಲೇಬೇಡಿ. ಮಕ್ಕಳಿರುವ ಮನೆಯಾದರೆ ಇವತ್ತೇ ಅಂಗಡಿಗೆ ಹಿಂದಿರುಗಿಸಿ. ಅದು ಹೊಟ್ಟೆಗೆ ಹೋದರೆ ಪ್ರತ್ಯೌಷಧವಿಲ್ಲ, ಒಂದು ಗುಟುಕೂ ಜೀವ ತೆಗೆಯುತ್ತದೆ. 2,4-ಡಿ ಎಂದಿದ್ದರೆ ಅದರ ತುಂತುರು ಗಾಳಿಯಲ್ಲಿ ತೇಲಿ ಬಂದು ತಾಗಿದರೂ ಟೊಮ್ಯಾಟೊ ಎಲೆಗಳು ಮುರುಟಿಕೊಳ್ಳುತ್ತವೆ.

ಉಪ್ಪು ಇದಕ್ಕಿಂತ ಸಾಧುವಾಗಿ ಕಾಣುತ್ತದೆ, ಆದರೆ ಮಣ್ಣಿಗೆ ಅದು ಮಾಡುವ ಹಾನಿ ಬೇಗ ಹೋಗುವುದಿಲ್ಲ. ಸೋಡಿಯಂ ಸೇರಿದ ಮಣ್ಣು ತನ್ನ ಕಣಗಳ ಜೋಡಣೆ ಕಳೆದುಕೊಂಡು, ಮಳೆ ಬಂದಾಗ ಅಂಟಾಗಿ, ಒಣಗಿದಾಗ ಹೆಪ್ಪುಗಟ್ಟುತ್ತದೆ. ರಸ್ತೆ ಬದಿಯ, ಪಾಳು ಜಾಗದ ಕಾಂಗ್ರೆಸ್ ಗಿಡಕ್ಕೆ ಶೇ 15–20ರ ಉಪ್ಪಿನ ದ್ರಾವಣ ಸಿಂಪಡಿಸುವ ಶಿಫಾರಸು ಇರುವುದು ನಿಜ. ಅದನ್ನು ತರಕಾರಿ ಮಡಿಗೆ ತರಬಾರದು. ಅಡುಗೆಯ ವಿನೆಗರ್ ಎಳೆಯ ಸಸಿಗಳ ಎಲೆ ಸುಡುತ್ತದೆ, ಅಷ್ಟೇ. ತುಂಗೆಯ ಗಡ್ಡೆಗೆ ಅದು ತಲುಪುವುದೂ ಇಲ್ಲ.

ಈಗ ನೆಡುವ ಮಾತು. ನಿಮ್ಮ ಪಟ್ಟಿಯಲ್ಲಿ ಕ್ಯಾರೆಟ್, ಕೊತ್ತಂಬರಿ ಚಳಿಗಾಲದ ಒಡನಾಡಿಗಳು. ಮಧ್ಯಾಹ್ನ 34–35 ಡಿಗ್ರಿ ಮುಟ್ಟುವ ದಿನಗಳಲ್ಲಿ ಕೊತ್ತಂಬರಿ ನಾಲ್ಕು ಎಲೆ ಬಿಡುವುದರೊಳಗೆ ಹೂವಿಗೆ ಹೋಗುತ್ತದೆ. ಟೊಮ್ಯಾಟೊಗೂ ಇದು ಕಷ್ಟದ ಕಾಲ, ಸೆಕೆಗೆ ಹೂ ಉದುರುತ್ತದೆ, ಬಿಳಿನೊಣ ಎಲೆಮುರುಟು ರೋಗ ಹಚ್ಚುತ್ತದೆ. ಅದರ ಬೀಜವನ್ನು ಮೇ ಮೊದಲಲ್ಲಿ ಸಸಿಮಡಿಗೆ ಹಾಕಿ ಜೂನ್‌ನಲ್ಲಿ ನಾಟಿ ಮಾಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆಮುರುಟು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ತಳಿ.

ಸೆಕೆಯನ್ನು ಇಷ್ಟಪಡುವುದು ಬೆಂಡೆ, ಅಲಸಂದೆ, ಗೋರಿಕಾಯಿ, ಹೀರೆ, ಹಾಗಲ, ಸೌತೆ, ದಂಟು, ಹರಿವೆ, ಬಸಳೆ. ನಿಮ್ಮ 150 ಚದರ ಅಡಿಗೆ ಎರಡು ಸಾಲು ಬೆಂಡೆ, ಒಂದು ಸಾಲು ಅಲಸಂದೆ, ಒಂದು ಚಪ್ಪರಕ್ಕೆ ಹೀರೆ ಅಥವಾ ಹಾಗಲ, ಒಂದು ಮೂಲೆಯಲ್ಲಿ ದಂಟು ಸಾಕು. ಬೆಂಡೆ ಬೀಜವನ್ನು ರಾತ್ರಿ ನೆನೆಸಿ, ಒಂದಂಗುಲ ಆಳಕ್ಕೆ, ಒಂದು ಅಡಿಗೊಂದರಂತೆ ಊರಿ. ಅರ್ಕಾ ಅನಾಮಿಕಾ ತಳಿ ಹಳದಿ ನರ ರೋಗವನ್ನು ತಾಳಿಕೊಳ್ಳುತ್ತದೆ, ಯುಗಾದಿಗೆ ಊರಿದರೆ ಮೇ ನಡುವೆ ಮೊದಲ ಕೊಯ್ಲು. ಹಾಗಲದ ಬೀಜದ ಸಿಪ್ಪೆ ಗಟ್ಟಿ, ಇಡೀ ದಿನ ನೆನೆಯಲಿ. ಅರಿಶಿನ, ಶುಂಠಿ, ಸುವರ್ಣಗಡ್ಡೆಗಳನ್ನು ಮೊದಲ ಮಳೆಗಳ ಹದ ನೋಡಿ ಏಪ್ರಿಲ್ ಕೊನೆಯಲ್ಲೋ ಮೇ ತಿಂಗಳಲ್ಲೋ ಹೂಳಬಹುದು.

ನೀರು ಕೊಡುವ ರೀತಿಯೂ ಕಳೆ ನಿಯಂತ್ರಣವೇ. ಪೈಪ್ ಹಿಡಿದು ಇಡೀ ನೆಲ ತೋಯಿಸಿದರೆ ಕಳೆಗೂ ನೀರುಣಿಸಿದಂತೆ. ಗಿಡದ ಬುಡಕ್ಕೆ ಮಾತ್ರ ಚೊಂಬಿನಲ್ಲೋ ಹನಿ ನೀರಾವರಿಯಲ್ಲೋ ಕೊಡಿ. ಸಾಲಿನ ನಡುವೆ ಭತ್ತದ ಹುಲ್ಲು, ಕಬ್ಬಿನ ರವದಿ, ಹೊಂಗೆ ಅಥವಾ ಮಾವಿನ ಒಣ ಎಲೆ, ಯಾವುದು ಸಿಗುತ್ತದೋ ಅದನ್ನು ಮೂರು ನಾಲ್ಕು ಅಂಗುಲ ದಪ್ಪ ಹೊದಿಸಿ. ಗೆದ್ದಲಿನ ಭಯವಿದ್ದರೆ ಮನೆಯ ಗೋಡೆಯಿಂದ ಎರಡು ಅಡಿ ದೂರವಿರಲಿ.

ಹಿರಿಯರು ‘ಭರಣಿ ಮಳೆ ಧರಣಿ ಬೆಳೆ’ ಎಂದರು. ಆ ಮಳೆಗೆ ಮೊದಲು ಮೇಲೇಳುವುದು ಕಳೆ. ಅದನ್ನೇ ಉಪಾಯವಾಗಿ ಬಳಸಿ. ಹಾಳೆ ಹೊದಿಸಲಾಗದ ಜಾಗವನ್ನು ಈಗಲೇ ನೆಡಲು ಸಿದ್ಧವೆಂಬಂತೆ ಮಟ್ಟ ಮಾಡಿ ಸುಮ್ಮನೆ ಬಿಡಿ. ಮೇ ಮಳೆಗೆ ಸಸಿಗಳು ಹಸಿರಾಗಿ ಎದ್ದ ಕೂಡಲೇ ಬಿಸಿಲಿರುವ ಬೆಳಿಗ್ಗೆ ಕುರ್ಪಿಯಿಂದ ಅರ್ಧ ಅಂಗುಲ ಮಾತ್ರ ಕೆರೆದುಹಾಕಿ. ಮುಂದಿನ ಮಳೆಗೆ ಇನ್ನೊಮ್ಮೆ. ಎರಡು ಸಲ ಹೀಗೆ ಮಾಡಿದರೆ ಮೇಲ್ಮಣ್ಣಿನ ಬೀಜದ ದಾಸ್ತಾನು ಬಹಳಷ್ಟು ಖಾಲಿಯಾಗುತ್ತದೆ. ಆಮೇಲೆ ಮಣ್ಣು ತಿರುವದೆ, ಗುಳಿ ತೆಗೆದಷ್ಟೇ ಜಾಗದಲ್ಲಿ ಜೂನ್‌ನ ಸಸಿಗಳನ್ನು ನೆಡಿ.

ತುಂಗೆಯ ಪಟ್ಟಿಗೆ ಜೂನ್‌ನಲ್ಲಿ ಸಿಹಿಗೆಣಸಿನ ಬಳ್ಳಿ ಹಾಕಿ. ಒಂದು ಅಡಿ ಉದ್ದದ ತುಂಡುಗಳನ್ನು ಎರಡು ಅಡಿ ಅಂತರದ ಸಾಲಿನಲ್ಲಿ, ಮುಕ್ಕಾಲು ಅಡಿಗೊಂದರಂತೆ ಊರಿದರೆ ಒಂದೂವರೆ ತಿಂಗಳಲ್ಲಿ ನೆಲ ಮುಚ್ಚುತ್ತದೆ. ಅದರ ನೆರಳಷ್ಟೇ ಅಲ್ಲ, ಬಳ್ಳಿ ಬಿಡುವ ರಾಸಾಯನಿಕಗಳೂ ತುಂಗೆ ಜಾತಿಯ ಕಳೆಯ ಬೆಳವಣಿಗೆಯನ್ನು ಕುಗ್ಗಿಸುವುದು ಪ್ರಯೋಗಗಳಲ್ಲಿ ಕಂಡಿದೆ. ಬಳ್ಳಿ ಹರಡುವವರೆಗಿನ ಆ ಒಂದೂವರೆ ತಿಂಗಳು ಮಾತ್ರ ಹದಿನೈದು ದಿನದ ಕುರ್ಪಿ ತಪ್ಪಬಾರದು. ನಾಲ್ಕು ತಿಂಗಳಿಗೆ ಗೆಣಸು ಅಗೆಯುವಾಗ ಉಳಿದ ಗಡ್ಡೆಗಳನ್ನೂ ಆಯ್ದುಬಿಡಿ.

ಹೆಸರು ಗೊತ್ತಿಲ್ಲದ ಸಸಿಗಳು ಎಂದಿರಲ್ಲ, ಅವನ್ನು ಕೀಳುವ ಮೊದಲು ಊರಿನ ಕಡೆಯ ಹಿರಿಯ ಹೆಂಗಸರೊಬ್ಬರನ್ನು ಕರೆದು ತೋರಿಸಿ. ಅಣ್ಣೆ ಸೊಪ್ಪು, ಕಿರುಕಸಾಲೆ, ಗೋಣಿ ಸೊಪ್ಪು, ಹೊನಗೊನೆ, ಗಣಿಕೆ ಇವೆಲ್ಲ ಹೊಲದ ಬದುವಿನ ಕಳೆಗಳೇ. ಹಳೇ ಮೈಸೂರಿನ ಬೆರಕೆ ಸೊಪ್ಪಿನ ಸಾರಿನ ರುಚಿ ಬರುವುದು ಇವುಗಳಿಂದಲೇ. ಗುರುತು ಖಚಿತವಾದವನ್ನು ಹೂ ಬಿಡುವ ಮೊದಲು ಚಿವುಟಿ ಬಳಸಿ. ಗುರುತು ಸಿಗದ್ದನ್ನು ತಿನ್ನುವ ಸಾಹಸ ಬೇಡ. ಬೀಜ ಕಟ್ಟಲು ಮಾತ್ರ ಯಾವುದನ್ನೂ ಬಿಡಬೇಡಿ.

ಕೊನೆಯದಾಗಿ ಕಾಂಗ್ರೆಸ್ ಗಿಡ. ನಿಮ್ಮ ಹಿತ್ತಿಲನ್ನು ಎಷ್ಟು ಶುಚಿ ಮಾಡಿದರೂ ಪಕ್ಕದ ಖಾಲಿ ನಿವೇಶನದಲ್ಲಿ ಅದು ಹೂಬಿಟ್ಟರೆ ಗಾಳಿಯಲ್ಲಿ ಬೀಜ ಬರುತ್ತದೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮೇ ಮಳೆಯಾಗಿ ಎರಡು ಮೂರು ವಾರಕ್ಕೆ, ಎಲೆಗಳು ನೆಲಕ್ಕೆ ಹರಡಿಕೊಂಡು ಬಿಳಿ ಹೂವಿನ್ನೂ ಕಾಣದಿರುವಾಗ, ಬೀದಿಯ ನಾಲ್ಕು ಮನೆಯವರು ಸೇರಿ ಒಂದು ಭಾನುವಾರ ಬೆಳಿಗ್ಗೆ ಬೇರು ಸಮೇತ ಕೀಳಿ. ಮೇಲಿನಿಂದ ಕತ್ತರಿಸಿದರೆ ಬುಡದಿಂದ ಮತ್ತೆ ಕವಲೊಡೆಯುತ್ತದೆ. ಹೂ ಬರುವ ಮೊದಲು ಕಿತ್ತದ್ದನ್ನು ಧೈರ್ಯವಾಗಿ ಕಾಂಪೋಸ್ಟ್ ಮಾಡಬಹುದು. ತೋಳು ಮುಚ್ಚುವ ಅಂಗಿ, ಕೈಗವಸು, ಮೂಗಿಗೆ ಬಟ್ಟೆ ಕಡ್ಡಾಯ, ಇದರಿಂದ ಚರ್ಮದ ಉರಿ, ಉಬ್ಬಸ ಹತ್ತಿದವರು ನಮ್ಮಲ್ಲಿ ಬಹಳ ಜನ. ಉಬ್ಬಸವಿರುವವರು ಈ ಕೆಲಸಕ್ಕೆ ಇಳಿಯಲೇಬಾರದು. ಮಳೆಗಾಲದಲ್ಲಿ ಆ ಗಿಡಗಳ ಮೇಲೆ ಮಾಸಲು ಬಿಳಿ ಬೆನ್ನಿಗೆ ಕಂದು ಗೆರೆಗಳ ಪುಟ್ಟ ದುಂಬಿ ಎಲೆ ಮೇಯುತ್ತಿದ್ದರೆ ಅದನ್ನು ಕೊಲ್ಲಬೇಡಿ, ಔಷಧಿಯನ್ನೂ ಹೊಡೆಯಬೇಡಿ. ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಮೊದಲು ಬಿಟ್ಟ ಮೆಕ್ಸಿಕನ್ ದುಂಬಿ ಅದು, ಕಾಂಗ್ರೆಸ್ ಗಿಡವನ್ನು ತಿಂದು ಮುಗಿಸಲೆಂದೇ ತಂದದ್ದು.